ಅನೇಕ ಕರ್ತೃಗಳ ವಿಶ್ವಕೋಶವೂ ಸತ್ಯಾಣುವ್ರತವೂ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೋಬಳಿಗಳ ಪೈಕಿ ಹಾಗಲವಾಡಿ, ನಿಟ್ಟೂರು ಮತ್ತು ಕಡಬ ಇವು ಇತಿಹಾಸದಲ್ಲಿ ಹೆಸರು ಪಡೆದವು. ಹಾಗಲವಾಡಿಯು ಪಾಳೆಯಗಾರರ ಸ್ಥಾನವಾಗಿತ್ತು. ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತೀಶ್ವರ ಬಸದಿಯಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು ಯಾಪನೀಯ ಪರಂಪರೆಯ ಅರ್ಕಕೀರ್ತಿ ಮುನಿಗಳಿಗೆ ದತ್ತಿ ಬಿಟ್ಟುದನ್ನು ಹೇಳುವ ತಾಮ್ರಶಾಸನವು ಕಡಬದ ಹೆಸರಿನಿಂದಲೇ ವಿದ್ವಲ್ಲೋಕದಲ್ಲಿ ಪ್ರಸಿದ್ಧವಾಗಿದೆ. ಆದರೆ ನಾಡಿನಲ್ಲಿ ನಿಟ್ಟೂರು ಒಂದೇ ಅಲ್ಲ, ಕಡಬವೂ ಒಂದೇ ಅಲ್ಲ. ಅಶೋಕನ ಶಿಲಾಶಾಸನ ದೊರೆತ ನಿಟ್ಟೂರು ಬಳ್ಳಾರಿ ಜಿಲ್ಲೆಯದು. ದಕ್ಷಿಣ ಕನ್ನಡದಲ್ಲಿ ತಾಲ್ಲೂಕು ಕೇಂದ್ರವಾಗಿರುವ ಇನ್ನೊಂದು ಕಡಬವಿದೆ.

ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವೊಂದರಲ್ಲಿ ಗುಬ್ಬಿಯ ನಿಟ್ಟೂರಿನ ಲೇಖನಕ್ಕೆ ಉತ್ಸಾಹಿಯೊಬ್ಬನು ಅಶೋಕನ ಶಾಸನವನ್ನು ತಂದು ಸೇರಿಸಿದನೆಂದು ಇಟ್ಟುಕೊಳ್ಳೋಣ. ಬಸದಿಯ ಇತಿಹಾಸವನ್ನು ಬಲ್ಲ ಇನ್ನೊಬ್ಬನು ಅದನ್ನು ತೆಗೆದುಹಾಕುತ್ತಾನೆ. ತನ್ನೂರಿನ ಕೀರ್ತಿಯನ್ನು ಯಾರೋ ಅಳಿಸಿದರೆಂದು ನೊಂದ ಮೊದಲನೆಯವನು ಮತ್ತೆ ಸೇರಿಸುತ್ತಾನೆ. ಮೊದಲನೆಯವನ ಕೈಯಲ್ಲಿ ಪುಸ್ತಕವೂ ಇದೆ; ಅದರಲ್ಲಿ ನಿಟ್ಟೂರೆಂಬ ಹೆಸರೂ ಇದೆ, ಅಶೋಕನೂ ಇದ್ದಾನೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೂ ಸಂಜೆಯ ಹೊತ್ತಿಗೆ ಲೇಖನವು ಹತ್ತು ಸಲ ರೂಪ ಬದಲಿಸಿರುತ್ತದೆ. ಓದಲು ಬಂದ ಶಾಲಾ ಬಾಲಕನಿಗೆ ಯಾವ ರೂಪ ಸಿಕ್ಕಿತೋ ಅದೇ ಸತ್ಯವಾಗಿಬಿಡುತ್ತದೆ.

ಇಂತಹ ಕಲಹಗಳನ್ನು ಬಗೆಹರಿಸುವುದಕ್ಕೆ ವಿಕಿಪೀಡಿಯವು ಕಟ್ಟಿಕೊಂಡಿರುವ ವ್ಯವಸ್ಥೆಯನ್ನು ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಇದುವರೆಗೆ ಗಂಭೀರವಾಗಿ ಪರಾಮರ್ಶಿಸಿದಂತೆ ಕಾಣುವುದಿಲ್ಲ. ೨೦೦೧ರ ಜನವರಿ ೧೫ರಂದು ಇಂಗ್ಲಿಷಿನಲ್ಲಿ ಆರಂಭವಾದ ಈ ವಿಶ್ವಕೋಶದ ಕನ್ನಡ ಆವೃತ್ತಿಯು ೨೦೦೩ರಲ್ಲಿ ಮೊದಲಾಯಿತು. ಇಂದು ಅದರಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಲೇಖನಗಳಿವೆ. ಪ್ರತಿಯೊಂದು ಲೇಖನದ ಬೆನ್ನಿಗೆ ಎರಡು ಪುಟಗಳಿರುತ್ತವೆ. ಯಾರು, ಯಾವಾಗ, ಏನನ್ನು ಸೇರಿಸಿದರು ಅಥವಾ ಅಳಿಸಿದರು ಎಂಬುದನ್ನು ತೋರಿಸುವ ಇತಿಹಾಸದ ಪುಟ ಒಂದು. ಭಿನ್ನಾಭಿಪ್ರಾಯಗಳನ್ನು ಮಂಡಿಸುವ ಚರ್ಚೆಯ ಪುಟ ಮತ್ತೊಂದು. ಸಮುದಾಯದ ಎಲ್ಲರಿಗೂ ಸಂಬಂಧಿಸಿದ ಸಂಗತಿಗಳ ಚರ್ಚೆಗೆ ಕನ್ನಡ ವಿಕಿಪೀಡಿಯದವರು ‘ಅರಳಿ ಕಟ್ಟೆ’ ಎಂಬ ಪುಟವನ್ನು ಮಾಡಿಕೊಂಡಿದ್ದಾರೆ. ಯಂತ್ರದೊಳಗಿನ ಜಗತ್ತಿಗೆ ಊರಿನ ಹೆಸರನ್ನೇ ಇಟ್ಟದ್ದು ಸೊಗಸಾಗಿದೆ. ಆದರೆ ಊರಿನ ಅರಳಿ ಕಟ್ಟೆಯಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ಬಲ್ಲವರು. ಇಲ್ಲಿಯವರು ಬಲ್ಲುದು ಅಂಕಿತನಾಮಗಳನ್ನು ಮಾತ್ರ.

ವಿಧ್ವಂಸಕ ಸಂಪಾದನೆ ಎಂದೊಡನೆ ಕಿಡಿಗೇಡಿಗಳ ನೆನಪಾಗುವುದು ಸಹಜ. ಪುಟವನ್ನೆಲ್ಲ ಅಳಿಸುವವರು, ಬೈಗುಳ ಬರೆಯುವವರು ಇದ್ದೇ ಇದ್ದಾರೆ. ಆದರೆ ಅವರಿಂದ ಆಗುವ ಹಾನಿ ಅಲ್ಪ. ಹಿಂದಿನ ರೂಪವು ಇತಿಹಾಸದಲ್ಲಿ ಉಳಿದಿರುವುದರಿಂದ ಒಂದು ಕ್ಷಣದಲ್ಲಿ ಅದನ್ನು ಮರಳಿ ತರಬಹುದು. ಕಾಣದಂತೆ ಹೊಕ್ಕ ಸುಳ್ಳೇ ಹೆಚ್ಚು ಕೇಡಿನದು. ೨೦೦೫ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗನ್‌ಥಾಲರ್ ಅವರ ಜೀವನಚರಿತ್ರೆಯಲ್ಲಿ ಅವರಿಗೆ ಕೆನಡಿ ಹತ್ಯೆಯ ನಂಟು ಕಟ್ಟಿದ ಅಪ್ಪಟ ಸುಳ್ಳೊಂದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಆ ಬಳಿಕವೇ ಇಂಗ್ಲಿಷ್ ಆವೃತ್ತಿಯಲ್ಲಿ ನೋಂದಾಯಿಸಿಕೊಳ್ಳದವರು ಹೊಸ ಲೇಖನ ಆರಂಭಿಸುವುದಕ್ಕೆ ತಡೆ ಬಂದಿತು. ೨೦೦೭ರಲ್ಲಿ ಬೇರೊಂದು ಬಗೆಯ ಮುಖಭಂಗವಾಯಿತು. ವಿವಾದಗಳಲ್ಲಿ ತೀರ್ಪು ಕೊಡುವ ಸ್ಥಾನಕ್ಕೇರಿದ್ದ ಒಬ್ಬ ಸಂಪಾದಕನು ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡದ್ದು ಸುಳ್ಳೆಂದು ಬಯಲಾಯಿತು. ಆತನು ಪದವಿಯನ್ನೇ ಪಡೆಯದ ತರುಣನಾಗಿದ್ದನು.

ಶ್ರಾವಕಾಚಾರವನ್ನು ಬಲ್ಲವರಿಗೆ ಇವುಗಳ ಹೆಸರು ಹೊಸದಲ್ಲ. ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾತಿ ಆಚಾರ್ಯರು ಕೇವಲ ಸುಳ್ಳಾಡುವುದನ್ನು ಹೇಳಿ ಸುಮ್ಮನಾಗಿಲ್ಲ. ಜನರನ್ನು ತಪ್ಪುದಾರಿಗೆಳೆಯುವ ಬೋಧನೆಯನ್ನು ಮಿಥ್ಯೋಪದೇಶವೆಂದೂ, ಇಲ್ಲದ ಆಧಾರವನ್ನು ಬರೆಹದಲ್ಲಿ ಸೃಷ್ಟಿಸುವುದನ್ನು ಕೂಟಲೇಖಕ್ರಿಯೆಯೆಂದೂ, ಇನ್ನೊಬ್ಬರ ಗೋಪ್ಯವನ್ನು ಹೊರಗೆಡಹುವುದನ್ನು ರಹೋಭ್ಯಾಖ್ಯಾನವೆಂದೂ ಬೇರೆಬೇರೆಯಾಗಿ ಗುರುತಿಸಿದ್ದಾರೆ. ಪುಸ್ತಕದಲ್ಲಿ ಇಲ್ಲದ ಮಾತಿಗೆ ಆ ಪುಸ್ತಕದ ಪುಟಸಂಖ್ಯೆ ಕೊಡುವವನು ಕೂಟಲೇಖದ ದೋಷಕ್ಕೆ ಒಳಗಾಗುತ್ತಾನೆ. ವಾದದಲ್ಲಿ ಸೋತ ಸಿಟ್ಟಿಗೆ ಎದುರಾಳಿಯ ನಿಜವಾದ ಹೆಸರು, ಉದ್ಯೋಗ, ಮನೆಯ ವಿಳಾಸಗಳನ್ನು ಹುಡುಕಿ ಬಯಲು ಮಾಡುವವನ ದೋಷ ರಹೋಭ್ಯಾಖ್ಯಾನ. ವಿಕಿಪೀಡಿಯದ ನಿಯಮಗಳೂ ಈ ಎರಡನೆಯದನ್ನು ಬಹಳ ಗುರುತರವಾದ ಅಪರಾಧವೆಂದೇ ಎಣಿಸುತ್ತವೆ.

ಈಚಿನ ವರ್ಷಗಳಲ್ಲಿ ಜೈನ ಸಭೆಗಳ ವೇದಿಕೆಯಿಂದ ಕೇಳಿಬರುವ ಒಂದು ಮಾತನ್ನು ಇಲ್ಲಿ ಪರೀಕ್ಷಿಸುವುದು ಉಚಿತ. ವಿಕಿಪೀಡಿಯದ ‘ತಟಸ್ಥ ದೃಷ್ಟಿಕೋನ’ವು ಅನೇಕಾಂತವಾದವೇ ಆಗಿದೆ, ನಮ್ಮ ಆಚಾರ್ಯರು ಎಂದೋ ಹೇಳಿದ್ದನ್ನು ಪಾಶ್ಚಾತ್ಯರು ಇಂದು ಕಂಡುಕೊಂಡಿದ್ದಾರೆ ಎಂಬುದು ಆ ಮಾತು. ಕೇಳಲು ಹಿತವಾಗಿದ್ದರೂ ಇದು ಎರಡಕ್ಕೂ ಅನ್ಯಾಯ ಮಾಡುತ್ತದೆ. ಅನೇಕಾಂತವು ವಸ್ತುವಿನ ಸ್ವರೂಪವನ್ನು ಕುರಿತ ಸಿದ್ಧಾಂತ. ವಸ್ತುವೇ ಅನಂತಧರ್ಮಾತ್ಮಕವಾಗಿರುವುದರಿಂದ ಒಂದು ನಯದಿಂದ ನುಡಿದ ಮಾತು ಪೂರ್ಣವಲ್ಲ ಎಂದು ಅದು ಹೇಳುತ್ತದೆ. ವಿಕಿಪೀಡಿಯದ ತಟಸ್ಥತೆಯು ವಸ್ತುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರಕಟವಾದ ವಿಶ್ವಸನೀಯ ಗ್ರಂಥಗಳಲ್ಲಿ ಯಾವ ಅಭಿಪ್ರಾಯಕ್ಕೆ ಎಷ್ಟು ತೂಕವಿದೆಯೋ ಲೇಖನದಲ್ಲಿಯೂ ಅಷ್ಟೇ ತೂಕವಿರಲಿ ಎನ್ನುವ ಸಂಪಾದನಾನೀತಿ ಅದು. ಅನೇಕಾಂತವೆಂದರೆ ಎಲ್ಲರ ಮಾತೂ ಸರಿ ಎಂದು ಒಪ್ಪಿಬಿಡುವುದಲ್ಲ. ಏಕಾಂತವಾದಗಳನ್ನು ಒಂದೊಂದಾಗಿ ಪರೀಕ್ಷಿಸಿ ಖಂಡಿಸಿದ ಸಮಂತಭದ್ರರನ್ನೂ ಅಕಲಂಕರನ್ನೂ ನೆನೆದರೆ ಈ ಭ್ರಮೆ ಉಳಿಯದು.

ಹಾಗಿದ್ದರೂ ಹೋಲಿಕೆಗೆ ನಿಜವಾದ ನೆಲೆಯೊಂದಿದೆ. ಅದು ‘ಸ್ಯಾತ್’ ಎಂಬ ಪದದ ಶಿಸ್ತು. ಯಾವ ಅಪೇಕ್ಷೆಯಿಂದ ಈ ಮಾತನ್ನು ಹೇಳಲಾಗುತ್ತಿದೆ ಎಂಬುದನ್ನು ಸ್ಪಷ್ಟಪಡಿಸದೆ ಹೇಳಬೇಡ ಎಂಬುದು ಸ್ಯಾದ್ವಾದದ ಕಟ್ಟಳೆ. ಯಾರ ಮಾತೆಂದು ಹೇಳದೆ ಬರೆಯಬೇಡ ಎಂಬುದು ವಿಶ್ವಕೋಶದ ಕಟ್ಟಳೆ. ಹತ್ತೊಂಬತ್ತನೆಯ ತೀರ್ಥಂಕರರ ವಿಷಯವನ್ನೇ ನೋಡಬಹುದು. ದಿಗಂಬರ ಆಮ್ನಾಯದಲ್ಲಿ ಮಲ್ಲಿನಾಥರು ಪುರುಷರು; ಶ್ವೇತಾಂಬರ ಆಗಮಗಳಲ್ಲಿ ಮಲ್ಲಿ ರಾಜಕುಮಾರಿ. ಒಂದು ಪಕ್ಷದವರು ಮತ್ತೊಂದು ಪಕ್ಷದ ವಾಕ್ಯವನ್ನು ದಿನವೂ ಅಳಿಸುತ್ತಾ ಹೋದರೆ ಆ ಲೇಖನಕ್ಕೆ ಕೊನೆಯಿಲ್ಲ. ಎರಡು ವಾಕ್ಯಗಳೂ ತಮ್ಮತಮ್ಮ ಆಮ್ನಾಯದ ಹೆಸರಿನೊಡನೆ ನಿಂತರೆ ಎರಡೂ ಸತ್ಯ. ಏಕೆಂದರೆ ಆಗ ಹೇಳುತ್ತಿರುವುದು ಆ ಆಮ್ನಾಯವು ಏನನ್ನು ನಂಬುತ್ತದೆ ಎಂಬುದನ್ನು. ಸ್ತ್ರೀಮುಕ್ತಿಯ ವಿಷಯದಲ್ಲಿ ಶ್ವೇತಾಂಬರರ ಕಡೆಗೂ ಮುನಿಚರ್ಯೆಯಲ್ಲಿ ದಿಗಂಬರರ ಕಡೆಗೂ ವಾಲಿದ್ದ ಯಾಪನೀಯರು ಕನ್ನಡ ನಾಡಿನಲ್ಲಿಯೇ ಬಾಳಿ ರಾಜಮನ್ನಣೆ ಪಡೆದಿದ್ದರೆಂಬುದಕ್ಕೆ ಕಡಬದ ತಾಮ್ರಶಾಸನವೇ ಸಾಕ್ಷಿ. ಅವರ ಪಾಲಿಗೂ ಒಂದು ವಾಕ್ಯ ಸಲ್ಲಬೇಕು.

ಇತಿಹಾಸದ ವಿವಾದಗಳಲ್ಲಿ ಆಮ್ನಾಯದ ಹೆಸರನ್ನು ಹೇಳಿ ಮುಗಿಸುವಂತಿಲ್ಲ. ಭದ್ರಬಾಹು ಮತ್ತು ಚಂದ್ರಗುಪ್ತರು ಕಳ್ವಪ್ಪು ಬೆಟ್ಟಕ್ಕೆ ಬಂದ ವೃತ್ತಾಂತದ ಚರ್ಚೆ ಇದಕ್ಕೆ ಒಳ್ಳೆಯ ಮಾದರಿ. ಚಂದ್ರಗಿರಿಯ ಪ್ರಾಚೀನ ಶಾಸನದಲ್ಲಿ ಬರುವ ಪ್ರಭಾಚಂದ್ರನೇ ಮೌರ್ಯ ಚಂದ್ರಗುಪ್ತನೆಂದು ಬಿ. ಎಲ್. ರೈಸ್ ಅವರು ಪ್ರತಿಪಾದಿಸಿದರು, ಜೆ. ಎಫ್. ಫ್ಲೀಟ್ ಅವರು ಅದನ್ನು ಬಲವಾಗಿ ನಿರಾಕರಿಸಿದರು. ಮೊದಲು ಈ ಪರಂಪರೆಯನ್ನು ಒಪ್ಪದಿದ್ದ ವಿನ್ಸೆಂಟ್ ಸ್ಮಿತ್ ಅವರು ಮುಂದೆ ತಮ್ಮ ಗ್ರಂಥದ ಪರಿಷ್ಕೃತ ಆವೃತ್ತಿಯಲ್ಲಿ ಅಭಿಪ್ರಾಯ ಬದಲಿಸಿದರು. ಈ ವಾದವು ದಶಕಗಳ ಕಾಲ ಅಚ್ಚಿನಲ್ಲಿ ನಡೆಯಿತು. ಒಬ್ಬರು ಬರೆದುದನ್ನು ಅಳಿಸುವ ಅಧಿಕಾರ ಇನ್ನೊಬ್ಬರಿಗಿರಲಿಲ್ಲ. ಶ್ರವಣಬೆಳಗೊಳದ ಶಾಸನಗಳ ಸಂಪುಟವೇ ೧೮೮೯ರಲ್ಲಿ ೧೪೪ ಶಾಸನಗಳೊಡನೆ ಹೊರಬಂದು, ಆರ್. ನರಸಿಂಹಾಚಾರ್ಯರ ೧೯೨೩ರ ಆವೃತ್ತಿಯಲ್ಲಿ ೫೦೦ಕ್ಕೆ ಬೆಳೆದು, ೧೯೭೩ರಲ್ಲಿ ೫೭೩ನ್ನು ಮುಟ್ಟಿತು. ತಿದ್ದುವಿಕೆ ಎಂದರೆ ಅದು. ಇಂದು ಗಣಕದ ಮುಂದೆ ಕುಳಿತವನಿಗೆ ಎದುರಾಳಿಯ ವಾಕ್ಯವನ್ನು ಇಲ್ಲವಾಗಿಸಲು ಬೆರಳಿನ ಒಂದು ಒತ್ತು ಸಾಕು. ಈ ಸುಲಭತೆಯೇ ಕಷಾಯಕ್ಕೆ ಇಂಧನವಾಗುತ್ತದೆ.

ಅದಕ್ಕೆಂದೇ ಇಂಗ್ಲಿಷ್ ವಿಕಿಪೀಡಿಯದವರು ೨೦೦೪ರಲ್ಲಿ ‘ಮೂರು ಸಲದ ನಿಯಮ’ವೊಂದನ್ನು ತಂದರು. ಒಂದೇ ಪುಟದಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೂರು ಸಲಕ್ಕಿಂತ ಹೆಚ್ಚಾಗಿ ಇತರರ ಕೆಲಸವನ್ನು ರದ್ದುಗೊಳಿಸುವವನು, ಅವನ ಪಕ್ಷ ಸರಿಯಿದ್ದರೂ, ತಡೆಗೆ ಒಳಗಾಗಬಹುದು. ‘ಸರಿಯಿದ್ದರೂ’ ಎಂಬುದೇ ಇಲ್ಲಿಯ ತಿರುಳು. ಸತ್ಯವು ತನ್ನ ಕಡೆಗಿದೆ ಎಂಬ ಕಾರಣದಿಂದ ಬಲಪ್ರಯೋಗಕ್ಕೆ ಅರ್ಹತೆ ಬಾರದು ಎಂಬುದನ್ನು ಈ ನಿಯಮವು ಒಪ್ಪಿಕೊಂಡಿದೆ. ಅಹಿಂಸೆಯನ್ನು ಸತ್ಯಕ್ಕಿಂತ ಮುಂದಿಟ್ಟು ವ್ರತಗಳ ಕ್ರಮವನ್ನು ಹೇಳಿದ ಪರಂಪರೆಯವರಿಗೆ ಇದು ವಿಚಿತ್ರವೆನಿಸಲಾರದು.

ನಿಯಮ ಮೀರಿದವರಿಗೆ ಮೊದಲು ಎಚ್ಚರಿಕೆ, ಆಮೇಲೆ ಒಂದು ದಿನದ ತಡೆ, ಬಳಿಕ ವಾರ, ತಿಂಗಳು, ಕೆಲವೊಮ್ಮೆ ಒಂದು ವಿಷಯದಿಂದ ಮಾತ್ರ ದೂರವಿರಬೇಕೆಂಬ ನಿರ್ಬಂಧ, ಕಟ್ಟಕಡೆಗೆ ಹೊರಗಿಡುವಿಕೆ. ದಿಗಂಬರ ಪರಂಪರೆಯ ಒಂಬತ್ತು ಬಗೆಯ ಪ್ರಾಯಶ್ಚಿತ್ತದಲ್ಲಿಯೂ ಆಲೋಚನೆ, ಪ್ರತಿಕ್ರಮಣಗಳಿಂದ ಮೊದಲ್ಗೊಂಡು ದೀಕ್ಷಾಕಾಲವನ್ನು ಕಡಿತಗೊಳಿಸುವ ಛೇದ, ಕಾಲಮಿತಿಯಿಟ್ಟು ಸಂಘದಿಂದ ದೂರವಿಡುವ ಪರಿಹಾರ, ಮತ್ತೆ ದೀಕ್ಷೆ ಕೊಡುವ ಉಪಸ್ಥಾಪನೆ ಎಂಬ ಏರುಕ್ರಮವಿದೆ. ಹೋಲಿಕೆ ಕಣ್ಣಿಗೆ ಕಟ್ಟುವಂತಿದ್ದರೂ ಉದ್ದೇಶ ಬೇರೆ. ತಡೆಯು ಗ್ರಂಥದ ರಕ್ಷಣೆಗಾಗಿ, ಶಿಕ್ಷೆಗಾಗಿ ಅಲ್ಲ ಎಂದು ವಿಕಿಪೀಡಿಯದ ನೀತಿಯು ಹೇಳುತ್ತದೆ. ತಡೆಗೊಳಗಾದವನ ಚಿತ್ತಶುದ್ಧಿಯ ಹೊಣೆಯನ್ನು ಅದು ಹೊರುವುದಿಲ್ಲ. ಸಂಘದ ಪ್ರಾಯಶ್ಚಿತ್ತವು ದೋಷ ಮಾಡಿದವನ ಶುದ್ಧಿಗಾಗಿಯೇ ಇರುವುದು, ಮತ್ತು ಅದು ಅವನೇ ಗುರುವಿನ ಮುಂದೆ ಹೇಳಿಕೊಳ್ಳುವ ಆಲೋಚನೆಯಿಂದ ಆರಂಭವಾಗುತ್ತದೆ. ಇನ್ನೊಬ್ಬರು ಬಂದು ನಮ್ಮ ವಾಕ್ಯವನ್ನು ಹಿಂದೆಗೆಯುವುದು ಪ್ರತಿಕ್ರಮಣವಲ್ಲ. ತಪ್ಪೆಂದು ತಿಳಿದೊಡನೆ ತನ್ನದನ್ನು ತಾನೇ ಹಿಂದೆಗೆದುಕೊಂಡು ಚರ್ಚೆಯ ಪುಟದಲ್ಲಿ ಕಾರಣ ಬರೆಯುವವನದು ಅದಕ್ಕೆ ಹತ್ತಿರವಾದುದು. ಅಂತಹವರು ಇದ್ದಾರೆ, ಆದರೆ ವಿರಳ.

ಈ ವ್ಯವಸ್ಥೆಯ ದೊಡ್ಡ ಕೊರತೆಯನ್ನು ಇಲ್ಲಿ ಹೇಳಲೇಬೇಕು. ಒರಟು ಮಾತನ್ನು ಅದು ಸುಲಭವಾಗಿ ಹಿಡಿಯುತ್ತದೆ; ನಯವಾದ ಹಟವನ್ನು ಹಿಡಿಯಲಾರದು. ಒಂದೂ ಬಿರುನುಡಿಯಾಡದೆ, ಮೂರರ ಗೆರೆ ದಾಟದೆ, ತಿಂಗಳುಗಟ್ಟಲೆ ಅದೇ ವಾದವನ್ನು ಮುಂದಿಡುತ್ತ, ಎದುರಿನವರು ಬೇಸತ್ತು ಎದ್ದುಹೋಗುವವರೆಗೆ ಕುಳಿತಿರುವವನೇ ಅಲ್ಲಿ ಗೆಲ್ಲುತ್ತಾನೆ. ಹಿತ, ಮಿತ, ಪ್ರಿಯ ಎಂಬ ಮೂರರಲ್ಲಿ ಪ್ರಿಯವೊಂದನ್ನು ಇಟ್ಟುಕೊಂಡು ಮಿತವನ್ನೂ ಹಿತವನ್ನೂ ಬಿಟ್ಟವನು ಅವನು. ಸಂಸಾರವಂದಿಗರೂ ಉದ್ಯೋಗಸ್ಥರೂ ಆದ ತಿಳಿದವರಿಗೆ ಅಷ್ಟು ಬಿಡುವು ಎಲ್ಲಿದೆ? ಹೀಗಾಗಿ ಅನೇಕ ಲೇಖನಗಳಲ್ಲಿ ಉಳಿದಿರುವುದು ತಾಳ್ಮೆಯ ಗೆಲುವು, ಆಧಾರದ ಗೆಲುವಲ್ಲ.

ಇನ್ನೊಂದು ಕೊರತೆ ಸಣ್ಣ ಭಾಷೆಗಳಿಗೆ ಸಂಬಂಧಿಸಿದುದು. ಸಾವಿರಾರು ಕಣ್ಣುಗಳು ಕಾವಲಿರುವ ಇಂಗ್ಲಿಷಿಗಾಗಿ ಹುಟ್ಟಿದ ನಿಯಮಗಳು ಕೆಲವೇ ಮಂದಿ ನಿತ್ಯ ದುಡಿಯುವ ಭಾಷೆಯಲ್ಲಿ ಹಾಗೆಯೇ ನಡೆಯಲಾರವು. ಇಂಗ್ಲಿಷಿನಲ್ಲಿ ಕಡೆಯ ತೀರ್ಮಾನಕ್ಕೆ ೨೦೦೩ರ ಕೊನೆಯಲ್ಲಿ ರಚಿತವಾದ ಪಂಚಾಯ್ತಿ ಸಮಿತಿಯೊಂದಿದೆ. ಸಣ್ಣ ಭಾಷೆಯಲ್ಲಿ ಕಕ್ಷಿದಾರ, ಸಾಕ್ಷಿ, ನ್ಯಾಯಾಧೀಶ ಈ ಮೂವರೂ ಒಬ್ಬನೇ ಆಗಿಬಿಡುವ ಅಪಾಯವಿದೆ. ಕ್ರೊವೇಷಿಯನ್ ಭಾಷೆಯ ವಿಕಿಪೀಡಿಯದಲ್ಲಿ ನಿರ್ವಾಹಕರ ಒಂದು ಗುಂಪು ಅನೇಕ ವರ್ಷ ಹಿಡಿತ ಸಾಧಿಸಿ, ಎರಡನೆಯ ಮಹಾಯುದ್ಧದ ಇತಿಹಾಸವನ್ನು ತನ್ನ ರಾಜಕೀಯಕ್ಕೆ ತಕ್ಕಂತೆ ತಿರುಚಿತ್ತೆಂದು ವಿಕಿಮೀಡಿಯ ಪ್ರತಿಷ್ಠಾನವೇ ೨೦೨೧ರಲ್ಲಿ ವರದಿ ಪ್ರಕಟಿಸಬೇಕಾಯಿತು. ೨೦೨೦ರಲ್ಲಿ ಸ್ಕಾಟ್ಸ್ ಭಾಷೆಯ ಆವೃತ್ತಿಯ ಬಹುದೊಡ್ಡ ಭಾಗವನ್ನು ಆ ಭಾಷೆಯನ್ನೇ ಅರಿಯದ ಅಮೆರಿಕದ ಹುಡುಗನೊಬ್ಬ ಬರೆದಿದ್ದನೆಂದು ಬೆಳಕಿಗೆ ಬಂದಿತು. ಅವನಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ. ತಡೆದು ಹೇಳುವವರು ಇರಲಿಲ್ಲ.

ಕನ್ನಡಕ್ಕೂ ಸದುದ್ದೇಶದ ಹಾನಿಯ ಅನುಭವವಿದೆ. ೨೦೦೯ರಿಂದ ಕೆಲವು ವರ್ಷ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಲಕರಣೆಯನ್ನು ಬಳಸಿ, ಸಂಬಳದ ಅನುವಾದಕರ ಮೂಲಕ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಉದ್ದುದ್ದದ ಲೇಖನಗಳನ್ನು ಸುರಿಯಿತು. ಕನ್ನಡದಲ್ಲಿ ಹೀಗೆ ಬಂದ ಲೇಖನಗಳಲ್ಲಿ ಅನೇಕವು ಲಿಪಿಯಿಂದ ಮಾತ್ರ ಕನ್ನಡವಾಗಿದ್ದವು. ಬಂಗಾಳಿಯವರು ಒಪ್ಪದೆ ತಡೆದರು. ತಮಿಳಿನವರು ಷರತ್ತುಗಳನ್ನು ಹಾಕಿ ಪರಿಷ್ಕರಣೆಯನ್ನು ಕೇಳಿದರು. ಲೇಖನಗಳ ಸಂಖ್ಯೆ ಬೆಳೆದುದನ್ನು ಕಂಡು ಹಿಗ್ಗುವ ಅಭ್ಯಾಸವು ಕನ್ನಡಿಗರಲ್ಲಿಯೂ ಇಲ್ಲದಿಲ್ಲ. ಇದಕ್ಕೆ ಪ್ರತಿಯಾಗಿ, ಮೈಸೂರು ವಿಶ್ವವಿದ್ಯಾನಿಲಯವು ತನ್ನ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ೨೦೧೪ರಲ್ಲಿ ಮುಕ್ತ ಪರವಾನಗಿಗೆ ಒಪ್ಪಿಸಿದ್ದು ಶ್ಲಾಘ್ಯ. ವಿದ್ವಾಂಸರು ಸಹಿ ಹಾಕಿ ಬರೆದ ಕನ್ನಡ ಗದ್ಯವು ಅದರಿಂದ ಹೊಸ ಬರೆಹಗಾರರ ಕೈಗೆ ಸಿಕ್ಕಿತು.

ಜೈನ ಸಮಾಜವು ಸ್ವತಃ ಕಕ್ಷಿಯಾಗುವ ಸಂದರ್ಭಗಳತ್ತ ಈಗ ಬರಬಹುದು. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಸಲ್ಲೇಖನದ ಲೇಖನದಲ್ಲಿ ಉಚ್ಚ ನ್ಯಾಯಾಲಯದ ತೀರ್ಪನ್ನು ಹೇಳಿ ತಡೆಯಾಜ್ಞೆಯನ್ನು ಹೇಳದಿರುವುದು ವಂಚನೆ. ಸಮಾಜಕ್ಕೆ ನೋವಾಗುತ್ತದೆಂದು ತೀರ್ಪಿನ ಸುದ್ದಿಯನ್ನೇ ಅಳಿಸುವುದೂ ವಂಚನೆಯೇ. ಮೊದಲನೆಯದನ್ನು ಕಂಡು ಕೆರಳುವ ಶ್ರಾವಕರು ಎರಡನೆಯದನ್ನು ಧರ್ಮರಕ್ಷಣೆಯೆಂದು ಬಗೆಯುವುದುಂಟು. ಕಷಾಯಗಳಿಲ್ಲದೆ ಶಾಸ್ತ್ರೋಕ್ತವಾಗಿ ದೇಹವನ್ನು ಬಿಡುವ ವ್ರತಕ್ಕೂ ಆವೇಶದಿಂದ ಪ್ರಾಣ ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಆಧಾರಸಹಿತವಾಗಿ ವಿವರಿಸುವ ಒಂದು ಒಳ್ಳೆಯ ಪರಿಚ್ಛೇದವು ನೂರು ಅಳಿಸುವಿಕೆಗಳು ಮಾಡಲಾರದ ಕೆಲಸವನ್ನು ಮಾಡಬಲ್ಲುದು.

ನ್ಯಾಯಾಲಯದ ಮೆಟ್ಟಿಲೇರುವುದು ಇನ್ನೊಂದು ಹಾದಿ. ೨೦೨೪ರಲ್ಲಿ ಎ.ಎನ್.ಐ. ಸುದ್ದಿಸಂಸ್ಥೆಯು ತನ್ನನ್ನು ಕುರಿತ ಲೇಖನದ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಮಾನನಷ್ಟದ ದಾವೆ ಹೂಡಿದಾಗ, ಬರೆದವರ ಗುರುತನ್ನು ಒಪ್ಪಿಸಬೇಕೆಂಬ ಪ್ರಶ್ನೆಯೂ ಎದ್ದಿತು. ಆ ಮೊಕದ್ದಮೆಯನ್ನು ಕುರಿತ ಪುಟವನ್ನೇ ತೆಗೆಯಬೇಕೆಂದು ಆದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಲ್ಲಿ ರದ್ದುಪಡಿಸಿತು. ನಿಜವಾದ ಮಾನಹಾನಿಗೆ ಕಾನೂನಿನ ರಕ್ಷಣೆ ಬೇಕು, ಸೀಗನ್‌ಥಾಲರ್ ಪ್ರಸಂಗವನ್ನು ಓದಿದವರು ಅದನ್ನು ಅಲ್ಲಗಳೆಯಲಾರರು. ಆದರೆ ಒಪ್ಪದ ಪ್ರತಿ ವಾಕ್ಯಕ್ಕೂ ವಕೀಲರ ನೋಟೀಸು ಹೊರಟರೆ, ಸಂಬಳವಿಲ್ಲದೆ ದುಡಿಯುವ ಬರೆಹಗಾರನು ಆ ವಿಷಯವನ್ನೇ ಕೈಬಿಡುತ್ತಾನೆ.

ಬಸದಿಗಳ ಟ್ರಸ್ಟುಗಳ ಸ್ಥಿತಿ ಇನ್ನೂ ಸೂಕ್ಷ್ಮ. ತಮ್ಮ ಕ್ಷೇತ್ರದ ಲೇಖನವನ್ನು ತಾವೇ ಬರೆದು, ತಾವೇ ಕಾಯಬೇಕೆಂಬ ಹಂಬಲ ಧರ್ಮದರ್ಶಿಗಳಲ್ಲಿ ಸಹಜ. ಆದರೆ ಸ್ವಹಿತವಿರುವ ವಿಷಯದಲ್ಲಿ ನೇರವಾಗಿ ತಿದ್ದಬಾರದು, ಸಂಬಂಧವನ್ನು ತಿಳಿಸಿ ಚರ್ಚೆಯ ಪುಟದಲ್ಲಿ ಬೇಡಿಕೆಯಿಡಬೇಕು ಎಂಬುದು ಅಲ್ಲಿಯ ಶಿಷ್ಟಾಚಾರ. ಇದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ದೇವಸ್ವದ ಲೆಕ್ಕವನ್ನು ಧರ್ಮದರ್ಶಿಯೇ ಬರೆದು ಧರ್ಮದರ್ಶಿಯೇ ತಪಾಸಣೆ ಮಾಡುವುದನ್ನು ಯಾವ ಸಂಘವೂ ಒಪ್ಪುವುದಿಲ್ಲವಷ್ಟೆ.

ಆದರೂ ಟ್ರಸ್ಟುಗಳ ದೂರಿನಲ್ಲಿ ಒಂದು ನ್ಯಾಯವಿದೆ. ಅಚ್ಚಾದ ಆಧಾರವಿಲ್ಲದ ಮಾತಿಗೆ ವಿಕಿಪೀಡಿಯದಲ್ಲಿ ಎಡೆಯಿಲ್ಲ. ಬಸದಿಯ ಪೂಜೆಯನ್ನು ತಲೆಮಾರುಗಳಿಂದ ನಡೆಸಿಬಂದ ಪುರೋಹಿತರ ನೆನಪು, ಮನೆಯ ಕಡತದಲ್ಲಿರುವ ದಾನಪತ್ರ, ಸ್ವಾಧ್ಯಾಯಕ್ಕೆಂದು ಕಾಪಾಡಿದ ಓಲೆಗರಿ ಇವು ಯಾವುವೂ ಅಲ್ಲಿ ಪ್ರಮಾಣವಲ್ಲ. ಹೊರಗಿನವನು ಅವಸರದಲ್ಲಿ ಬರೆದ ಪತ್ರಿಕಾವರದಿಯೇ ಪ್ರಮಾಣವಾಗುತ್ತದೆ. ಹಾಗಲವಾಡಿಯಂತಹ ಊರುಗಳ ಇತಿಹಾಸದಲ್ಲಿ ಶಾಸನಗಳಿಗೂ ಗ್ಯಾಸೆಟಿಯರುಗಳಿಗೂ ಸಿಕ್ಕದ ಎಷ್ಟೋ ಸಂಗತಿಗಳು ಬಾಯಿಮಾತಿನಲ್ಲಿಯೇ ಇವೆ. ಈ ನಿಯಮವು ಸುಳ್ಳನ್ನು ಹೊರಗಿಡುವ ಬಲೆಯಾಗಿ ಹೆಣೆದದ್ದು. ಅದರಲ್ಲಿ ಬಡವರ ಸತ್ಯವೂ ಸೋಸಿಹೋಗುತ್ತದೆ. ಇದಕ್ಕೆ ವಿಕಿಪೀಡಿಯವನ್ನು ದೂಷಿಸುವುದರಿಂದ ಅರ್ಧ ಮಾತ್ರ ಪರಿಹಾರ ದೊರೆತೀತು. ಗುಬ್ಬಿ, ಕುಣಿಗಲ್, ತುಮಕೂರಿನ ಸುತ್ತಿನ ಬಸದಿಗಳ ಪೈಕಿ ಎಷ್ಟಕ್ಕೆ ಶಾಸನಪಾಠ, ಜೀರ್ಣೋದ್ಧಾರದ ವರ್ಷ, ಮೂರ್ತಿಗಳ ವಿವರಗಳುಳ್ಳ ಒಂದು ಅಚ್ಚಿನ ಹೊತ್ತಗೆಯಿದೆ? ಪಂಚಕಲ್ಯಾಣದ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಭಾವಚಿತ್ರಗಳಿಗೆ ಹತ್ತಾರು ಪುಟಗಳು ಮೀಸಲಾಗುತ್ತವೆ. ಶಾಸನಕ್ಕೆ ಒಂದು ಪುಟ ದೊರೆತರೆ ಅದೇ ಭಾಗ್ಯ. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ೧೯೦೪ರಲ್ಲಿ ಪ್ರಕಟಿಸಿದರು. ಗುಬ್ಬಿಯ ನಿಟ್ಟೂರಿನ ಬಗ್ಗೆ ವಾದ ಹೂಡುವವರಿಗೆ ಅದು ಇಂದಿಗೂ ಆಧಾರ. ಆ ಸಂಪುಟದ ಶಾಸನಪಾಠಗಳನ್ನು ಸ್ಥಳದಲ್ಲಿರುವ ಕಲ್ಲಿನೊಡನೆ ಹೋಲಿಸಿ, ಛಾಯಾಚಿತ್ರ ತೆಗೆದು, ದಿನಾಂಕ ಹಾಕಿ ಪ್ರಕಟಿಸುವ ಕೆಲಸವನ್ನು ಟ್ರಸ್ಟಿನ ತರುಣರು ಒಂದು ಚಾತುರ್ಮಾಸದಲ್ಲಿ ಮುಗಿಸಬಹುದು. ಯಾವ ನಿಟ್ಟೂರು ಯಾವುದೆಂಬ ಜಗಳಕ್ಕೆ ಆಗ ಚರ್ಚೆಯ ಪುಟದಲ್ಲಿ ನಾಲ್ಕು ಸಾಲು ಸಾಕಾಗುತ್ತದೆ.